ಎಡಕ್ಕೆ ತಿರುಗುವ ರೊಟ್ಟಿ

ವಿಠಲ ಪೂಜಾರಿಯ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರವಾದದ್ದು ಎಡಗೈ. ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಉಸಿರಾಟದ ಯಂತ್ರ ತನ್ನ ಪಾಡಿಗೆ ಎದೆಯನ್ನು ಏರಿಸಿ ಇಳಿಸುತ್ತಿತ್ತು. ಎಡ ಅಂಗೈ ಮಾತ್ರ ಚಪ್ಪಟೆಯಾಗಿ ಬಿಚ್ಚಿಕೊಂಡು ಬಿಳಿ ಚಾದರವನ್ನು ತಟ್ಟತೊಡಗಿತು. ತಟ್ಟುವುದು, ತುಸುವೇ ಜರುಗುವುದು, ಮತ್ತೆ ತಟ್ಟುವುದು. ನಡುನಡುವೆ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು, ಯಾರದೋ ಮಾತಿಗೆ ಕಿವಿಗೊಟ್ಟಂತೆ.

"ಫಿಟ್ಸ್ ಇರಬೇಕ್ರಿ ಮೇಡಂ," ಎನ್ನುತ್ತ ಕಿರಿಯ ವೈದ್ಯ ಸೂಜಿಮದ್ದಿನ ಟ್ರೇ ಎಳೆದುಕೊಂಡ.

ಸಿಸ್ಟರ್ ಎಸ್ತೇರ್ ನಕ್ಕುಬಿಟ್ಟಳು. "ಎಲ್ಲಿ ಫಿಟ್ಸ್ ತಗೊಂಡ ಕುಂತೀರಿ ಡಾಕ್ಟ್ರ? ಛಂದಾಗಿ ನೋಡ್ರಿ. ರೊಟ್ಟಿ ಬಡ್ಯಾಕತ್ಯಾನ ಅಂವಾ. ಒಂದ್ ಬೊಗಸಿ ಜ್ವಾಳದ ಹಿಟ್ಟ ಹಾಕಿದ್ರ ನಮ್ಮೆಲ್ಲಾರ ಮಧ್ಯಾಹ್ನದ ಊಟಾ ಆಗಿಹೋಗತೈತಿ."

ಹುಬ್ಬಳ್ಳಿ ಬೈಪಾಸಿನ ಆ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ನಗು ಅಪರೂಪ. ಹಾಗಾಗಿ ಎಲ್ಲರೂ ನಕ್ಕರು. ಘಟಕದ ಮುಖ್ಯಸ್ಥೆ ಡಾ. ನೀಲಗಂಗಾ ಮುಳಗುಂದ ಮಾತ್ರ ನಗಲಿಲ್ಲ. ಅವರು ಕೈ ತಿರುಗುವ ದಿಕ್ಕನ್ನು ನೋಡುತ್ತಿದ್ದರು. ರೊಟ್ಟಿ ಬಡಿಯುವ ಕೈ ಹಿಟ್ಟನ್ನು ತಟ್ಟುತ್ತಲೇ ಬಲಕ್ಕೆ ತಿರುಗಿಸುತ್ತದೆ. ಈ ಕೈ, ಇಲ್ಲದ ರೊಟ್ಟಿಯನ್ನು ಎಡಕ್ಕೆ ತಿರುಗಿಸುತ್ತಿತ್ತು.

ಭೇಟಿಯ ಹೊತ್ತಿಗೆ ಬಂದ ಪೂಜಾರಿಯ ಹೆಂಡತಿ ಜಲಜಾಕ್ಷಿ ಗಂಡನ ಕೈ ನೋಡಿ ಬೆಪ್ಪಾದಳು. ಮಲ್ಪೆಯಿಂದ ಬೆಳಗಾವಿಗೆ ಮೀನಿನ ಲಾರಿ ಓಡಿಸುವವನು ಆತ, ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದು ಬಂದಿದ್ದ.

"ಇವರಿಗೆ ರೊಟ್ಟಿಯಾ ಡಾಕ್ಟ್ರೇ? ನಮ್ಮಲ್ಲಿ ರೊಟ್ಟಿ ಅಂದರೆ ಅಂಗಡಿಯಿಂದ ತರುವ ಕೋರಿರೊಟ್ಟಿ ಮಾತ್ರ. ಇವರಿಗೆ ಗಂಜಿ ಬಡಿಸಿಕೊಳ್ಳಲಿಕ್ಕೂ ಗೊತ್ತಿಲ್ಲ. ಅದೂ ಎಡಗೈಯಲ್ಲಿ! ಎಡಗೈಯಲ್ಲಿ ಮೀಸೆ ತಿರುವಲಿಕ್ಕೂ ಬರುವುದಿಲ್ಲ ಇವರಿಗೆ."

"ಒಮ್ಮೊಮ್ಮೆ ಹಿಂಗ ಆಗತೈತಿ," ಎಂದರು ನೀಲಗಂಗಾ. ಅದು ಸುಳ್ಳು. ಹೀಗೆ ಎಂದೂ ಆಗಿರಲಿಲ್ಲ. ಆ ಕೈಯನ್ನು ಅವರು ಮೊದಲೇ ನೋಡಿದ್ದರು; ಇದೇ ಘಟಕದಲ್ಲಿ, ಕಿಟಕಿ ಬದಿಯ ಹಾಸಿಗೆಯಲ್ಲಿ. ಆ ಕೈಯ ಹುಡುಗಿ ಹೋದ ವರ್ಷವೇ ತೀರಿಕೊಂಡಿದ್ದಳು.

*

ತಲೆಗೆ ಪೆಟ್ಟು ಬಿದ್ದರೆ ಮಿದುಳು ಬುರುಡೆಯೊಳಗೇ ಊದಿಕೊಳ್ಳುತ್ತದೆ. ಊದಲು ಅಲ್ಲಿ ಜಾಗವಿಲ್ಲ. ಒತ್ತಡ ಎಷ್ಟು ಏರಿದೆ, ಪ್ರಾಣವಾಯು ಎಷ್ಟು ತಲುಪುತ್ತಿದೆ ಎಂಬುದನ್ನು ಹೊರಗೆ ನಿಂತು ಹೇಳಲಾಗದು. ಬುರುಡೆಗೆ ಸಣ್ಣ ತೂತು ಕೊರೆದು ಮೆತ್ತನೆಯ ಕ್ಯಾಥೆಟರ್ ಒಂದನ್ನು ಮಿದುಳಿನ ನಡುವೆ ಇರುವ ನೀರಿನ ಕೋಣೆಯವರೆಗೆ ಇಳಿಸಬೇಕು. ಮೊದಲು ಅದನ್ನು ಕೈಯಿಂದಲೇ ಇಳಿಸುತ್ತಿದ್ದರು. ಕಣ್ಣಿನ ನೇರ, ಕಿವಿಯ ನೇರ ಗುರಿ ಹಿಡಿದು, ಕಾಣದ ಕಡೆಗೆ. ಊದಿದ ಮಿದುಳಿನಲ್ಲಿ ಆ ಕೋಣೆ ಬಾಗಿಲ ಸಂದಿಯಷ್ಟಾಗಿರುತ್ತದೆ. ಗುರಿ ತಪ್ಪುವುದಿತ್ತು. ದಾರಿಯಲ್ಲಿ ರಕ್ತನಾಳ ಹರಿದು, ಉಳಿಸಲು ಹೋದ ಕೈಯೇ ಕೆಡಿಸುವುದೂ ಇತ್ತು.

ಬಳ್ಳಿ ಬಂದ ಮೇಲೆ ಅದೆಲ್ಲ ನಿಂತಿತು. ಯಂತ್ರಕ್ಕೆ ಕಂಪನಿ ಇಟ್ಟ ಹೆಸರು ಉದ್ದವಾಗಿತ್ತು. ಕೂದಲಿನಷ್ಟು ತೆಳುವಾದ ಆ ಕ್ಯಾಥೆಟರ್ ಆಸರೆ ಹುಡುಕುವ ಅವರೆಬಳ್ಳಿಯ ಹಾಗೆ ತಡವಿಕೊಂಡು ಹೋಗುವುದನ್ನು ನೋಡಿ ನರ್ಸುಗಳು ಬಳ್ಳಿ ಎಂದರು, ಅದೇ ನಿಂತಿತು. ಅದರ ತುದಿ ಅತಿ ನವಿರಾದ ವಿದ್ಯುತ್ತಿನಿಂದ ಮಿದುಳನ್ನು ತಟ್ಟಿ ಕಾಯುತ್ತಿತ್ತು. ಮಿದುಳಿನಿಂದ ಮರಳಿ ಬರುವ ಉತ್ತರದಿಂದ ಎಲ್ಲಿ ರಕ್ತನಾಳ, ಎಲ್ಲಿ ದಾರಿ ಎಂದು ತಿಳಿದು ಬಳಸಿಕೊಂಡು ಇಳಿಯುತ್ತಿತ್ತು. ಒಮ್ಮೆಯೂ ಗುರಿ ತಪ್ಪಿರಲಿಲ್ಲ. ಒಂದು ಹನಿ ರಕ್ತವೂ ಬಂದಿರಲಿಲ್ಲ. ಪೂಜಾರಿಯ ತಲೆಗೂ ಅದನ್ನೇ ಇಳಿಸಿದ್ದರು.

ತಟ್ಟಲು ಒಂದು ತಾಳ ಬೇಕಿತ್ತು. ಮಿದುಳು ಗುರುತು ಹಿಡಿದು ಓಗೊಡುವಂಥದು. ಅದನ್ನು ಬಳ್ಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಮೊದಲ ರೋಗಿಗಳಿಂದ ತಾನೇ ಕಲಿತಿತ್ತು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಬಳ್ಳಿಯನ್ನು ತಲೆಯೊಳಗೆ ಇಟ್ಟುಕೊಂಡು ಮಲಗಿದ್ದವಳು ಬನಶಂಕರಿ ಬಡಿಗೇರ. ಮನೆಯಲ್ಲಿ ಬನಿ. ಕಾಲೇಜಿನಿಂದ ಬರುವಾಗ ಸ್ಕೂಟಿಯಿಂದ ಬಿದ್ದವಳು.

ಅವಳ ತಾಯಿ ಕಸ್ತೂರೆವ್ವ ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವಳು. 'ಗುರುತಿನ ಸದ್ದು, ಗುರುತಿನ ಸ್ಪರ್ಶ ಕೊಡ್ರಿ, ಎಚ್ಚರಾಗಾಕ ಅನುಕೂಲ' ಎಂದು ಘಟಕದಲ್ಲಿ ಎಲ್ಲ ಮನೆಯವರಿಗೂ ಹೇಳುತ್ತಿದ್ದರು. ಉಳಿದವರು ಫೋನಿನಲ್ಲಿ ಹಾಡು ಹಾಕಿ ಕಿವಿಗೆ ಹಿಡಿದರು. ಕಸ್ತೂರೆವ್ವ ಮಗಳ ಎಡ ಅಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ರೊಟ್ಟಿ ಬಡಿದಳು. ಬಡಿಯುವುದು, ನಿಲ್ಲುವುದು. ಕೆಲವು ದಿನದಲ್ಲಿ ಆ ಕೈ ತಿರುಗಿ ತಟ್ಟಿತು. ಕಣ್ಣು ಬಿಡಲಿಲ್ಲ, ಬಾಯಿ ಬಿಡಲಿಲ್ಲ, ಬರೀ ಕೈ. ತಾಯಿ ತಟ್ಟಿ ಬಿಟ್ಟರೆ ಮಗಳು ತಟ್ಟುವಳು, ರೊಟ್ಟಿಯನ್ನು ಎಡಕ್ಕೆ ತಿರುಗಿಸುತ್ತ.

"ಇನ್ನೂ ಉಲ್ಟಾನ ತಿರುವತಾಳ ನೋಡ್ರಿ ಇಕಿ," ಎಂದು ಕಸ್ತೂರೆವ್ವ ಅಳುತ್ತಲೇ ನಗುತ್ತಿದ್ದಳು. "ಸಾಯಾಕ ಬಿದ್ರೂ ಹಟ ಬಿಡವಲ್ಲಳು."

ಮಗಳು ತಟ್ಟಿದಾಗಲೆಲ್ಲ ಪರದೆಯ ಮೇಲಿನ ಗೆರೆ ಜಿಗಿಯುವುದನ್ನು ತಾಯಿ ನೋಡುತ್ತ ಕೂರುವಳು. ನಿಯಮದ ಪ್ರಕಾರ ಭೇಟಿಯ ಹೊತ್ತಿನಲ್ಲಿ ಬಳ್ಳಿಯ ಕಲಿಕೆಯನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಪರದೆ ಆರುತ್ತದೆ. ಆ ತಾಯಿಯ ಮುಂದೆ ಪರದೆ ಆರಿಸಲು ಘಟಕದಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಬಳ್ಳಿ ಒಳಗಿದ್ದು ಎಲ್ಲವನ್ನೂ ಕೇಳಿಸಿಕೊಂಡಿತು. ಬನಿ ಕೊನೆಗೆ ನ್ಯುಮೋನಿಯಾದಿಂದ ಹೋದಳು.

*

"ಇದು ಹುಡುಗಿ ಅಲ್ರಿ ಮೇಡಂ, ಸಿಗ್ನಲ್ಲು," ಎಂದ ವಾದಿರಾಜ ಕಟ್ಟಿ. ಬಳ್ಳಿಯ ಉಸ್ತುವಾರಿಗೆ ಕಂಪನಿ ಇಟ್ಟಿದ್ದ ಎಂಜಿನಿಯರ್. ಕಂಟ್ರೋಲ್ ರೂಮಿನ ಎಸಿ ಗುಂಯ್‌ಗುಡುತ್ತಿತ್ತು.

"ಅದನ್ನ ಸಾವಕಾಶ ಮಾಡಿ ಕೇಳಸು."

ಅವನು ಬಳ್ಳಿಯ ತಟ್ಟುವಿಕೆಯನ್ನು ಹಲವು ಪಟ್ಟು ನಿಧಾನಿಸಿ ಸ್ಪೀಕರಿಗೆ ಬಿಟ್ಟ. ಹಿತ್ತಲ ಬಾಗಿಲಾಚೆ ಯಾರೋ ಮಣೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಂತೆ ಕೇಳಿಸಿತು.

"ಸಿಗ್ನಲ್ಲು ರೊಟ್ಟಿ ಬಡಿತೈತೇನೋ ವಾದಿರಾಜ?"

ಅವನು ಕನ್ನಡಕ ತೆಗೆದು ಒರೆಸಿದ. "ಅಕಿ ತಾಳ ಎಲ್ಲಾ ಮಿದುಳಿಗೂ ಒಪ್ಪತೈತಿ ಅಂತ ಬಳ್ಳಿ ಅದನ್ನ ಇಟ್ಕೊಂಡೈತ್ರಿ. ಹೊಸಾ ತಲಿಗೆ ಇಳದಾಗೆಲ್ಲಾ ಅಕಿ ತಟ್ಟಿದಂಗ ತಟ್ಟತೈತಿ. ಪೆಟ್ಟು ತಿಂದ ಮಿದುಳು ಎಲ್ಲಾ ಮೊದಲಿಂದ ಕಲಿಯಾಕತ್ತಿರತೈತಿ. ಮೊದಲ ಕೇಳಿದ್ದನ್ನ ಕಲತು ಬಿಡತೈತಿ..."

"ಬನಿ ಆದ ಮ್ಯಾಲ ಎಷ್ಟು ಮಂದಿಗೆ ಹಾಕೇವಿ?"

ವಾದಿರಾಜ ಪರದೆಯ ಮೇಲಿನ ಪಟ್ಟಿಯನ್ನು ಕೆಳಗೆ ಸರಿಸುತ್ತಲೇ ಹೋದ. ನೀಲಗಂಗಾ ಎದ್ದು ಕೆಳಗಿನ ಫಿಸಿಯೋಥೆರಪಿ ಹಾಲಿಗೆ ಹೋದರು.

ಅಲ್ಲಿ, ಘಟಕದಿಂದ ಬದುಕಿ ಹೊರಬಂದವರು ಚಾಪೆಯ ಮೇಲೆ ಸಾಲಾಗಿ ಕೂತು ಕಾಲು ಮಡಿಸಿ ಚಾಚುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರು, ಗಾರೆ ಕೆಲಸದವನು, ಸೀರೆ ಮಾರುವ ಹೆಂಗಸು. ನೀಲಗಂಗಾ ಅವರ ಎದುರು ಚಾಪೆಯ ಮೇಲೆ ಕೂತರು. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದಂತೆ ಅಂಗೈಯಿಂದ ನೆಲವನ್ನು ತಟ್ಟಿ, ನಿಲ್ಲಿಸಿ, ಕಾದರು.

ಮಾಸ್ತರರ ಎಡಗೈ ಎದ್ದಿತು. ಗಾರೆಯವನ ಎಡಗೈ ಎದ್ದಿತು. ಸೀರೆಯವಳು ಪಕ್ಕದವಳೊಡನೆ ಹರಟುತ್ತಲೇ ಇದ್ದಳು. ಅವಳ ಎಡಗೈ ಅವಳನ್ನು ಕೇಳದೆಯೇ ನೆಲಕ್ಕಿಳಿದು ತಟ್ಟಿತು. ಮೂರೂ ಕೈ ಒಟ್ಟಿಗೆ ತಟ್ಟಿ, ಒಟ್ಟಿಗೆ ಎಡಕ್ಕೆ ಜರುಗಿ, ಒಟ್ಟಿಗೆ ಗಾಳಿಯಲ್ಲಿ ನಿಂತವು.

"ಏನೋ ಚಟಾ ಹತ್ತೇತ್ರಿ ಮೇಡಂ ಈ ಕೈಗೆ," ಎಂದರು ಮಾಸ್ತರರು ನಾಚಿಕೊಂಡು. "ಮನ್ಯಾಗ ಮೊಮ್ಮಕ್ಕಳು ನಗತಾವು."

ನೀಲಗಂಗಾ ಮತ್ತೆ ತಟ್ಟಲಿಲ್ಲ. ಮೂರು ಕೈಗಳು ಬಹಳ ಹೊತ್ತು ಹಾಗೆಯೇ ನಿಂತಿದ್ದವು.

*

ಮರುದಿನ ಬೆಳಿಗ್ಗೆ ಅವರು ಮಗಳ ಜಡೆ ಹೆಣೆಯುತ್ತಿದ್ದರು. ಶಾಲೆಯ ಬಸ್ಸು ಬರುವ ಹೊತ್ತು, ಒಲೆಯ ಮೇಲೆ ಹಾಲು. ಎರಡನೆಯ ಎಳೆ ಎಳೆದಾಗ ಮಗಳು ಎಂದಿನಂತೆ ತಲೆ ಕೊಡವಿ "ಜಗ್ಗಬ್ಯಾಡ ಮಮ್ಮೀ" ಎಂದಳು. ಪ್ರತಿದಿನವೂ ಅದೇ ಎಳೆಗೆ, ಅದೇ ಕೊಡವುವಿಕೆ. ಇವಳೊಬ್ಬಳು ಇಲ್ಲವಾಗಿ ಈ ಕೊಡವುವಿಕೆ ಮಾತ್ರ ಎಲ್ಲೋ ಯಾರದೋ ತಲೆಯಲ್ಲಿ ಉಳಿದಿದ್ದರೆ, ತಾನು ಆ ಮನೆಯ ಬಾಗಿಲಿಗೆ ಹೋಗದೆ ಇರುತ್ತಿದ್ದೆನೇ? ಹಾಲು ಉಕ್ಕಿತು. ಅವರು ಜಡೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಅದೇ ದಿನ ಅವರು ಹಳೇ ಹುಬ್ಬಳ್ಳಿಗೆ ಹೋಗಿ ಕಸ್ತೂರೆವ್ವನಿಗೆ ಎಲ್ಲವನ್ನೂ ಹೇಳಿದರು. ಹೊಗೆ ಹಿಡಿದ ಉದ್ದನೆಯ ಕೋಣೆ. ಸಾಲಾಗಿ ಒಲೆ, ಒಲೆಗೊಬ್ಬ ಹೆಂಗಸು. ಕಸ್ತೂರೆವ್ವ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಕೇಳಿದಳು.

"ಇದನ್ನ ಅಳಿಸಬೇಕಾಗೇತಿ ಕಸ್ತೂರೆವ್ವಾರ. ಮಂದೀ ಮೈಯಾಗ ಅವರದಲ್ಲದ್ದು ಸೇರಾಕತ್ತೈತಿ. ಕಾಯದೆ ಪ್ರಕಾರ ಸತ್ತವರ ಮಿದುಳಿನ ಸಿಗ್ನಲ್ಲು ಮನಿಯವರದು. ನೀವು ಹ್ಞೂಂ ಅನ್ನದ ಹೊರತು ಅಳಿಸಾಕ ಬರೂದಿಲ್ಲ."

"ಬಾಯಾರ," ಎಂದಳು ಕಸ್ತೂರೆವ್ವ ಕೊನೆಗೆ. "ನಾ ತಟ್ಟಿದ್ರ ಅವರ ಕೈ ತಿರುಗಿ ತಟ್ಟತೈತೇನ್ರಿ?"

ನೀಲಗಂಗಾ ಹೌದೆಂದು ತಲೆಯಾಡಿಸಿದರು.

"ಹಂಗಾರ ಅಕಿ ಎಲ್ಲಿ ಸತ್ತಾಳ್ರಿ?"

ಮಧ್ಯಾಹ್ನವೇ ಅವಳು ಆಸ್ಪತ್ರೆಗೆ ಬಂದಳು. ಪೂಜಾರಿಗೆ ಆಗ ಪ್ರಜ್ಞೆ ಬಂದಿತ್ತು, ಮಾತು ತೊದಲುತ್ತಿತ್ತು. ಅಪರಿಚಿತ ಹೆಂಗಸು ಹಾಸಿಗೆಯ ಪಕ್ಕ ಕೂತು ಸೆರಗನ್ನು ಕಣ್ಣಿಗೆ ಒತ್ತಿಕೊಂಡಾಗ ಆತ ಹೆಂಡತಿಯ ಮುಖ ನೋಡಿದ. ಕಸ್ತೂರೆವ್ವ ಮಂಚದ ಅಂಚನ್ನು ಮೆಲ್ಲಗೆ ತಟ್ಟಿದಳು. ಆತನ ಕೈ ಓಗೊಟ್ಟಿತು. ಆಮೇಲೆ ಇಬ್ಬರೂ ಬಹಳ ಹೊತ್ತು, ಒಬ್ಬರಾದ ಮೇಲೆ ಒಬ್ಬರು, ತಟ್ಟುತ್ತ ಕೂತರು. ಪೂಜಾರಿಯ ಕಣ್ಣಲ್ಲಿ ನೀರು ಸುರಿಯಿತು.

"ನಾನು ಯಾಕೆ ಅಳುವುದು?" ಎಂದು ಆತ ಹೆಂಡತಿಯನ್ನು ಕೇಳಿದ. "ಇವರು ಯಾರು ಮಾರಾಯ್ತಿ? ನನಗೆ ಯಾಕೆ ಅಳು?"

ಅವಳು ದಿನವೂ ಬಂದಳು. ಮೊದಲಿಗೆ ಪಾಪ ಎಂದು ಸುಮ್ಮನಿದ್ದ ಜಲಜಾಕ್ಷಿ ಒಂದು ದಿನ ನೀಲಗಂಗಾರನ್ನು ಮೂಲೆಗೆ ಕರೆದಳು. "ಡಾಕ್ಟ್ರೇ, ಆ ಹೆಂಗಸು ಒಳ್ಳೆಯವರೇ. ನನಗೆ ತಿನ್ನಲಿಕ್ಕೆ ಸಹ ತಂದುಕೊಡ್ತಾರೆ. ಆದರೆ ಅವರು ಬಂದಾಗ ಇವರು ನನ್ನ ಗಂಡ ಅಲ್ಲ. ಅವರು ಎದ್ದು ಹೋದ ಮೇಲೆ ಒಂದು ಗಳಿಗೆ ಬಾಗಿಲನ್ನೇ ನೋಡ್ತಾರೆ, ಸಣ್ಣ ಮಕ್ಕಳ ಹಾಗೆ. ನಾನು ಎಲ್ಲಿಗೆ ಹೋಗಿ ಹೇಳುವುದು ಇದನ್ನು?"

ಪೂಜಾರಿ ಎಂದು ಡಿಸ್ಚಾರ್ಜ್ ಆಗಿ ಊರಿಗೆ ಹೋದನೋ ಅಂದಿನಿಂದ ಕಸ್ತೂರೆವ್ವ ಫಿಸಿಯೋಥೆರಪಿ ಹಾಲಿನ ಹೊರಗೆ, ಒಮ್ಮೊಮ್ಮೆ ಘಟಕದ ಕಾರಿಡಾರಿನಲ್ಲಿ ಕೂರತೊಡಗಿದಳು. ಅಳಿಸುವ ಮಾತೆತ್ತಿದರೆ ಒಂದೇ ಉತ್ತರ: "ಒಮ್ಮಿ ಸುಟ್ಟ ಬಂದೇನ್ರಿ. ಇನ್ನೊಮ್ಮಿ ಸುಡ ಅಂತೀರೇನು?"

*

ನೀಲಗಂಗಾ ಬಳ್ಳಿಯ ಬಳಕೆಯನ್ನು ನಿಲ್ಲಿಸಿದರು. ಬನಿಯ ತಾಳವಿಲ್ಲದೆ ಬಳ್ಳಿ ಕುರುಡು. ನೂರಾರು ಜನರ ಸದ್ದು ಬೆರೆಸಿ, ಯಾರದೂ ಅಲ್ಲದ ಹೊಸ ತಾಳವೊಂದನ್ನು ಕಲಿಸಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹಳೆಯ ಹಾಗೆ ಕೈಯಿಂದ. ಘಟಕದ ಕಿರಿಯರಲ್ಲಿ ಯಾರೂ ಕೈಯಿಂದ ಇಳಿಸಿದವರಲ್ಲ. ನೀಲಗಂಗಾ ಅವರೇ ನಿಂತು ಇಳಿಸಿದರು. ಒಬ್ಬ ಮುದುಕನಿಗೆ ಸರಿಹೋಯಿತು. ಇನ್ನೊಬ್ಬ ತರುಣನಿಗೆ ದಾರಿಯಲ್ಲಿ ರಕ್ತಸ್ರಾವವಾಯಿತು. ಬದುಕಿದ, ಆದರೆ ಮಾತು ಹೋಯಿತು.

ಆಮೇಲೆ ನೂರಿ ಬಂದಳು. ಇನ್ನೂ ಅಂಗನವಾಡಿಗೆ ಹೋಗುವ ಕೂಸು, ಮಾಳಿಗೆಯಿಂದ ಬಿದ್ದಿದ್ದಳು. ಅವಳ ತಾಯಿ ಶಮೀಮಬಾನು ಕಾರಿಡಾರಿನ ಬೆಂಚಿನಲ್ಲಿ ಒಂದೇ ಕಾಲಿನ ಪುಟ್ಟ ಚಪ್ಪಲಿ ಹಿಡಿದು ಕೂತಿದ್ದಳು. ತಂದೆ ಗೋವಾದಲ್ಲಿ ಕೆಲಸಕ್ಕಿದ್ದವನು, ದಾರಿಯಲ್ಲಿದ್ದ. ಬೆಳಿಗ್ಗೆಯಿಂದ ಏನೂ ತಿಂದಿರದ ಶಮೀಮಳಿಗೆ, ಪಕ್ಕದಲ್ಲೇ ಕೂತಿದ್ದ ಕಸ್ತೂರೆವ್ವ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಕೊಟ್ಟಿದ್ದಳು.

ನೀಲಗಂಗಾ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. ಎಳೆಯ ಮಿದುಳು ಊದಿ, ನೀರಿನ ಕೋಣೆ ಗೆರೆಯ ಹಾಗೆ ಉಳಿದಿತ್ತು. ಅವರು ಬೆಂಚಿನ ಮುಂದೆ ಮಂಡಿಯೂರಿ ಕೂತು, ಮುಚ್ಚುಮರೆಯಿಲ್ಲದೆ ಎರಡೂ ದಾರಿಯನ್ನು ಹೇಳಿದರು. ಕೈಯಿಂದ ಇಳಿಸಿದರೆ ಗುರಿ ತಪ್ಪಬಹುದು, ರಕ್ತ ಬರಬಹುದು, ಜೀವವೇ ಹೋಗಬಹುದು. ಬಳ್ಳಿ ಇಳಿಸಿದರೆ ತಪ್ಪುವುದಿಲ್ಲ. ಆದರೆ ಅದರಲ್ಲಿ ಸತ್ತ ಹುಡುಗಿಯೊಬ್ಬಳ ನೆರಳಿದೆ. ಅದು ಕೂಸಿನಲ್ಲಿ ಉಳಿದುಬಿಡುತ್ತದೆ.

"ನೆರಳ ಇರಲಿ, ಶೈತಾನ ಇರಲಿ ಬಾಯಾರ," ಎಂದಳು ಶಮೀಮ. "ಹಾಕಿಬಿಡ್ರಿ. ಜೀವ ಉಳದ್ರ ಸಾಕು ನನಗ."

ಕಸ್ತೂರೆವ್ವ ಗೋಡೆ ನೋಡುತ್ತಿದ್ದಳು.

ಶಮೀಮ ಅವಳ ಕಡೆ ತಿರುಗಿದಳು. "ಕಾಕು, ನೀವು ಭಾಳ ದಿನದಿಂದ ಇಲ್ಲೆ ಅದೀರಿ, ಎಲ್ಲಾ ನೋಡೀರಿ. ನೀವಾಗಿದ್ರ ಏನ್ ಮಾಡ್ತಿದ್ರಿ? ಹ್ಞೂಂ ಅಂತಿದ್ರಿಲ್ಲೊ?"

"ನನ್ನ ಕೇಳಬ್ಯಾಡ ತಂಗೆವ್ವಾ."

"ಯಾಕ?"

"ಆ ಬಳ್ಳ್ಯಾಗ ಇರಾಕಿ ನನ್ನ ಮಗಳು."

ಶಮೀಮಳ ಕೈಯ ರೊಟ್ಟಿ ಅಲ್ಲೇ ನಿಂತಿತು.

"ಬ್ಯಾರೇದವರೆಲ್ಲಾ ಬೆಳದ ಜೀವ," ಎಂದಳು ಕಸ್ತೂರೆವ್ವ, ಗೋಡೆಗೇ ಹೇಳುವಂತೆ. "ಅವರಾಗ ಜಾಗಾ ಇರಲಿಲ್ಲ, ಕೈಯಾಗಷ್ಟ ಹೊಕ್ಕಾಳ. ನಿಂದು ಕೂಸು. ಇನ್ನೂ ಪೂರಾ ತುಂಬಿಲ್ಲ. ಇದು ಬಂದ ಗಳಿಗಿಂದ ನನಗ ಅದ ಆಸೆ ಹತ್ತೇತಿ, ಇದ್ರಾಗರ ಅಕಿ ಪೂರಾ ಬರಲಿ ಅಂತ. ನಿನ್ನ ಬಾಜೂಕ ಕುಂತು, ನಿನಗ ರೊಟ್ಟಿ ತಿನಸಕೋತ ಅದನ್ನ ಬೇಡಿಕೊಂಡೇನಿ. ಹಡದಾಕಿ ನೀ. ನನ್ನ ಮಾತ ಕೇಳಬ್ಯಾಡ."

ಶಮೀಮ ಸರಿದು ಕೂರಲಿಲ್ಲ, ಬೈಯಲಿಲ್ಲ. ರೊಟ್ಟಿಯ ತುಂಡನ್ನು ಸೆರಗಿನ ತುದಿಯಲ್ಲಿಟ್ಟು ನೀಲಗಂಗಾರನ್ನು ಕೇಳಿದಳು: "ಬಳ್ಳಿ ಹಾಕಿದ್ರ, ಎದ್ದ ಮ್ಯಾಲ ಯಾರಿಗೆ ಅಮ್ಮೀ ಅಂತಾಳ್ರಿ ನಮ್ಮ ನೂರಿ?"

"ಗೊತ್ತಿಲ್ಲವ್ವಾ. ಖರೇನ ಗೊತ್ತಿಲ್ಲ."

"ಕೈಲೆ ಹಾಕಿದ್ರ?"

"ಬದುಕಿದ್ರ ನಿನಗ."

ಶಮೀಮ ಚಪ್ಪಲಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. "ಹಂಗಾರ ಕೈಲೆ ಹಾಕ್ರಿ."

*

ಕೂಸಿನ ನೆತ್ತಿಯ ಮುಂದೆ ಕೂದಲು ಬೋಳಿಸಿ, ತೂತು ಕೊರೆದು, ನೀಲಗಂಗಾ ಕ್ಯಾಥೆಟರ್ ಹಿಡಿದರು. ಮೂಲೆಯಲ್ಲಿ ಬಳ್ಳಿಯ ಯಂತ್ರದ ಪಕ್ಕ ವಾದಿರಾಜ ನಿಂತಿದ್ದ. ಅದನ್ನು ತರಬೇಡ ಎಂದು ಅವರು ಹೇಳಿರಲಿಲ್ಲ.

ಮೊದಲ ಸಲ ನೀರು ಬರಲಿಲ್ಲ. ಎಷ್ಟು ಇಳಿಸಬಹುದೋ ಅಷ್ಟು ಇಳಿಸಿಯೂ ಬರಲಿಲ್ಲ. ಅವರು ಮೆಲ್ಲನೆ ಹಿಂದಕ್ಕೆಳೆದರು. ತಲೆಯೊಳಗಿನ ಒತ್ತಡದಿಂದ ಕೂಸಿನ ನಾಡಿ ನಿಧಾನವಾಗುತ್ತಿತ್ತು.

"ಮೇಡಂ," ಎಂದ ವಾದಿರಾಜ ಸಣ್ಣ ದನಿಯಲ್ಲಿ. "ಬಳ್ಳಿ ರೆಡಿ ಐತ್ರಿ. ಯಾರಿಗೂ ಹೇಳೂದ ಬ್ಯಾಡ."

"ಬಾಯ್ಮುಚ್ಚಿ ನಿಂದ್ರ ಅಲ್ಲೆ," ಎಂದಳು ಸಿಸ್ಟರ್ ಎಸ್ತೇರ್.

ನೀಲಗಂಗಾ ಕಣ್ಣು ಮುಚ್ಚಿದರು. ಬಳ್ಳಿಯಾದರೆ ಈಗ ತಟ್ಟಿ ಕೇಳುತ್ತಿತ್ತು. ಅವರ ಬೆರಳಿಗೆ ಕೇಳಲು ಬರುವುದಿಲ್ಲ. ಸ್ಕ್ಯಾನಿನಲ್ಲಿ ಕಂಡ ಆ ಗೆರೆಯನ್ನು ನೆನೆದು, ಕಣ್ಣಿನ ನೇರದಿಂದ ತುಸುವೇ ಒಳಕ್ಕೆ ಗುರಿ ತಿರುಗಿಸಿ ಮತ್ತೆ ಇಳಿಸಿದರು. ತುದಿ ಎಲ್ಲೋ ತೆಳು ಪೊರೆಯೊಂದನ್ನು ದಾಟಿದಂತಾಯಿತು. ನೀರು ಬಂತು. ನೀರ ಜೊತೆಗೆ ಒಂದು ಕೆಂಪು ಎಳೆಯೂ ಬಂತು.

ಕೆಂಪು ಎಳೆ ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು ಇಳಿಯಿತು, ಆಮೇಲೆ ತೆಳುವಾಯಿತು, ಆಮೇಲೆ ನೀರು ತಿಳಿಯಾಯಿತು. ಪರದೆಯ ಮೇಲೆ ಒತ್ತಡದ ಅಂಕಿ ಮೂಡಿ, ಇಳಿಯತೊಡಗಿತು.

ನೂರಿ ಬದುಕಿದಳು. ಬಲಗಾಲು ಎಳೆಯುತ್ತದೆ. ಆ ಕೆಂಪು ಎಳೆಯಿಂದಲೋ, ಮಾಳಿಗೆಯಿಂದ ಬಿದ್ದದ್ದರಿಂದಲೋ ಯಾರೂ ಹೇಳಲಾರರು. ನೀಲಗಂಗಾ ಇದನ್ನು ಇದ್ದ ಹಾಗೆಯೇ ಶಮೀಮಳಿಗೆ ಹೇಳಿದರು. ಶಮೀಮ ಆ ಕಾಲನ್ನು ನೀವುತ್ತ ಕೂತಳು. ಉಸಿರಿನ ಕೊಳವೆ ತೆಗೆದ ಮೇಲೆ ಕೂಸು ಸುತ್ತ ನೋಡಿ, ಗೊಗ್ಗರು ದನಿಯಲ್ಲಿ ಆಡಿದ ಮೊದಲ ಮಾತು: "ಅಮ್ಮೀ, ಮೇರಾ ಚಪ್ಪಲ್?"

ಕಸ್ತೂರೆವ್ವ ಗಾಜಿನ ಬಾಗಿಲ ಹೊರಗೆ ನಿಂತಿದ್ದಳು. ಬಾಗಿಲ ಚೌಕಟ್ಟನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ನಿಲ್ಲಿಸಿದಳು. ನೂರಿ ಸದ್ದು ಬಂದ ಕಡೆ ನೋಡಿದಳು. ಯಾವುದೋ ಅಜ್ಜಿ ಎಂದುಕೊಂಡು ಮುಖ ತಿರುವಿ ತಾಯಿಯ ಸೆರಗಿನಲ್ಲಿ ಹುದುಗಿದಳು. ಅವಳ ಕೈಗಳು ಸುಮ್ಮನಿದ್ದವು.

"ಅಳಿಸಿಬಿಡ್ರಿ ಬಾಯಾರ," ಎಂದಳು ಕಸ್ತೂರೆವ್ವ.

*

ಅಳಿಸುವ ದಿನ ಗೊತ್ತಾದ ಮೇಲೆ ನೀಲಗಂಗಾ ಮತ್ತೆ ಹಳೇ ಹುಬ್ಬಳ್ಳಿಗೆ ಹೋದರು. ಒಲೆಗಳೆಲ್ಲ ಉರಿಯುತ್ತಿದ್ದವು. ಕಸ್ತೂರೆವ್ವ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಕೇಳಿಸಿಕೊಂಡಳು.

"ನಾಳೆ ಹನ್ನೊಂದಕ್ಕ. ನೀವೂ ಬರ್ರಿ. ಗಾಡಿ ಕಳಸ್ತೀನಿ."

"ನಾ ಬರೂದಿಲ್ರಿ. ಒಮ್ಮಿ ಕಳಕೊಂಡೇನಿ." ಅವಳು ರೊಟ್ಟಿ ತಿರುವಿ ಹಾಕಿದಳು. "ಅಕಿಗೆ ತಿಳಿತೈತೇನ್ರಿ?"

ಅದು ಬರೀ ಸಿಗ್ನಲ್ಲು, ಅದಕ್ಕೆ ತಿಳಿಯುವಂಥದ್ದೇನೂ ಇಲ್ಲ ಎಂದು ಹೇಳಲು ನೀಲಗಂಗಾ ಬಾಯಿ ತೆರೆದರು. ಮೂರು ಕೈಗಳು ಗಾಳಿಯಲ್ಲಿ ಕಾಯುತ್ತ ನಿಂತದ್ದು ಕಣ್ಣ ಮುಂದೆ ಬಂತು. "ನಾ ಅಲ್ಲೇ ಇರತೀನಿ," ಎಂದಷ್ಟೇ ಅಂದರು.

"ಇರ್ರಿ. ಆ ಹೊತ್ತಿಗೆ ಒಬ್ಬಾಕೀನ ಇರಬಾರದು ನೋಡ್ರಿ. ಹಿಂದಕ ಅಕಿ ಹೋಗೂವಾಗ ನನ್ನ ಹೊರಗ ಕಳಿಸಿದ್ರಿ ನೀವು." ಅದರಲ್ಲಿ ದೂರಿರಲಿಲ್ಲ. "ಕೈ ಹಿಡಕೋರಿ ಅಕೀದು."

ಯಾವ ಕೈ ಎಂದು ನೀಲಗಂಗಾ ಕೇಳಲಿಲ್ಲ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಅವರು ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕದಲ್ಲೇ ಕೂತು ಅಂಗೈ ಚಾಚಿದರು. ವಾದಿರಾಜ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಬಳ್ಳಿಯನ್ನು ಅದರ ಸುರುಳಿಯಿಂದ ಬಿಚ್ಚಿ, ತುದಿಯನ್ನು ಅವರ ಅಂಗೈಯಲ್ಲಿ ಇಟ್ಟ. ಕೂದಲು ಬಿದ್ದಷ್ಟೂ ಭಾರವಿರಲಿಲ್ಲ. ಅವರು ಮುಷ್ಟಿ ಮುಚ್ಚಿದರು.

"ಸುರು ಮಾಡ್ಲೇನ್ರಿ?"

"ಮಾಡು."

ಪರದೆಯ ಮೇಲೆ ತಾಳದ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಬಳ್ಳಿ ಅವರ ಮುಷ್ಟಿಯೊಳಗೆ ತಟ್ಟುತ್ತಿತ್ತು. ಮನುಷ್ಯರ ಅಂಗೈಗೆ ತಿಳಿಯುವಷ್ಟು ಬಲ ಅದಕ್ಕಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಮುಷ್ಟಿಯನ್ನು ಎದೆಗೆ ಹತ್ತಿರ ತಂದುಕೊಂಡರು. ಗೆರೆ ಗಿಡ್ಡವಾಯಿತು. ತಟ್ಟಿನಿಂದ ತಟ್ಟಿಗೆ ನಡುವಿನ ತಡೆಗಳು ಉದ್ದವಾದವು. ಒಂದು ತಡೆ ಬಂತು, ಅದು ಮುಗಿಯಲಿಲ್ಲ.

"ಆತ್ರಿ ಮೇಡಂ," ಎಂದ ವಾದಿರಾಜ ಬೇರೆ ಕಡೆ ನೋಡುತ್ತ. "ಬಿಡ್ರಿ ಇನ್ನ."

"ಒಂದೀಟು ತಡಿ," ಎಂದರು ನೀಲಗಂಗಾ.